ಪೆಟ್ಟಿಗೆಯಿಲ್ಲದ ಲೈನು

“ಅಜ್ಜೀ, ಚಪ್ಪಲಿ ಬೀಳೋಕೆ ಮುಂಚೇನೇ ಕಣ್ಣು ಮುಚ್ಕೊಂಡ್ರೆ ಹೇಗಮ್ಮಾ? ಹೊಡೀತಾರೆ ಅಂತ ನಿಂಗೆ ಕನಸು ಬಿದ್ದಿತ್ತಾ? ಕಟ್! ಇನ್ನೊಂದ್ ಸಲ!”

ಅದು ಐದನೆಯ ಸಲ. ಹೊಡೆಸಿಕೊಳ್ಳುತ್ತಿದ್ದವಳು ನಮ್ಮ ಲೈನಿನ ಚೌಡಮ್ಮ. ಕೂಗುತ್ತಿದ್ದವನು ಸೀರಿಯಲ್ಲಿನ ಡೈರೆಕ್ಟರ್ ಶ್ರೀನಾಥ್. ನಾನು ಬಂಗಲೆಯ ಹಿತ್ತಿಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಶೂಟಿಂಗಿನವರ ಟೀ ಲೋಟ ತೊಳೆಯುತ್ತಿದ್ದೆ. ಚೌಡಮ್ಮ ನನಗೆ ವರಸೆಯಲ್ಲಿ ದೊಡ್ಡವ್ವ. ಕಾಫಿ ಎಸ್ಟೇಟಿನ ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನಿನಲ್ಲಿ ಅವಳ ರೂಮಿಗೂ ನನ್ನ ರೂಮಿಗೂ ಒಂದೇ ಗೋಡೆ.

ಮೊದಲು ರಬ್ಬರ್ ಚಪ್ಪಲಿಯಲ್ಲಿ ಹೊಡೆಸಿದರು. ಸದ್ದು ಬರಲಿಲ್ಲವಂತೆ. ಆಮೇಲೆ ಬಂಗಲೆಯ ಅಮ್ಮಾವ್ರ ಚರ್ಮದ ಚಪ್ಪಲಿ ತರಿಸಿದರು. ಸೊಸೆಯ ಪಾತ್ರ ಮಾಡುವ ನಯನಾ ಪ್ರತಿ ಸಲ ಹೊಡೆದ ಮೇಲೂ “ಸಾರಿ ಅಜ್ಜಿ” ಅನ್ನುತ್ತಿದ್ದಳು. ಏಟು ಹುಸಿಯಾಗುತ್ತಿತ್ತು. ಶ್ರೀನಾಥ್ ಅವಳ ಹತ್ತಿರ ಹೋಗಿ ಮೆಲ್ಲಗೆ, “ನೋಡಮ್ಮ, ಸೀರಿಯಲ್ ನಿಂತ್ರೆ ನೀನೂ ಮನೇಲೇ, ನಾನೂ ಮನೇಲೇ” ಎಂದ. ಆರನೆಯ ಸಲ ಅವಳು ಸರಿಯಾಗಿ ಹೊಡೆದಳು. ಏಳನೆಯದು ಓಕೆ ಆಯಿತು.

ಸೀರಿಯಲ್ಲಿನ ಹೆಸರು ‘ಸೌದಾಮಿನಿ ನಿಲಯ’. ಮಧ್ಯಾಹ್ನ ಎರಡು ಗಂಟೆಗೆ ಬರುತ್ತಿತ್ತು. ನೀವು ನೋಡಿರಲಿಕ್ಕಿಲ್ಲ. ಯಾರೂ ನೋಡುತ್ತಿರಲಿಲ್ಲ, ಗೋಳೇ ಅದು. ಮುಂಚೆ ಊಟ ಮುಗಿಸಿ ಟೀವಿ ಮುಂದೆ ಕೂರುತ್ತಿದ್ದ ಹೆಂಗಸರೆಲ್ಲ ಈಗ ಮೊಬೈಲ್ ಹಿಡಿದು ಮಲಗುತ್ತಾರಂತೆ. ಕಳ್ಳತನ ಹೊರಿಸಿ ಕೆಲಸದವಳನ್ನು ಹೊಡೆಸಿದರೆ ಜನ ಮತ್ತೆ ನೋಡುತ್ತಾರೆ ಎಂದು ಬೆಂಗಳೂರಿನಲ್ಲಿ ಯಾರೋ ಪುಣ್ಯಾತ್ಮರು ಬರೆದು ಕಳಿಸಿದ್ದರು. ಆ ಕೆಲಸದವಳು ಕೆಂಚಿ. ಕೆಂಚಿ ಅಂದರೆ ನಮ್ಮ ದೊಡ್ಡವ್ವ.

ಅವಳಿಗೆ ಈ ವೇಷ ಬಂದದ್ದೂ ಹಾಳು ಮಂಡಿಯಿಂದಲೇ. ಮಾರನಹಳ್ಳಿಯಿಂದ ಒಳಕ್ಕೆ ನಮ್ಮ ಎಸ್ಟೇಟ್ ಬರೀ ಇಳಿಜಾರು. ಮೂವತ್ತು ವರ್ಷ ಹತ್ತಿ ಇಳಿದು ಅವಳ ಎರಡೂ ಮಂಡಿ ಹೋಗಿದ್ದವು. ಲೈನಿನ ಕಾನೂನು ಎಲ್ಲರಿಗೂ ಗೊತ್ತು: ದುಡಿಯುವ ಕೈ ಇದ್ದರೆ ರೂಮು, ಇಲ್ಲದಿದ್ದರೆ ಗಂಟುಮೂಟೆ. ಅಷ್ಟರಲ್ಲಿ ಸಾಹುಕಾರರು ಬಂಗಲೆಯನ್ನು ಶೂಟಿಂಗಿಗೆ ಬಾಡಿಗೆ ಕೊಟ್ಟರು. ತಿಂಗಳಿಗೆ ಹತ್ತು ದಿನ ಶೂಟಿಂಗ್. ಕಾಫಿ ತಟ್ಟೆ ಹಿಡಿದು ನಿಲ್ಲಲು ಒಂದು ಮುದುಕಿ ಬೇಕೆಂದಾಗ ಎಸ್ಟೇಟಿನ ಹಾಜರಿ ಬರೆಯುವ ರೈಟರ್ ರಾಜೇಶ್ ಇವಳನ್ನು ತಳ್ಳಿದ. “ಸೀರಿಯಲ್ ಇರೋಗಂಟ ನೀನು ಬಂಗ್ಲೆ ಕೆಲಸ್ದೋಳು ಅಂತ ಲೆಕ್ಕ. ಆಮೇಲೆ ಜಾಗ ಖಾಲಿ ಮಾಡು” ಎಂದ. ಮೊಮ್ಮಗಳು ರಶ್ಮಿತಾ ಹತ್ತನೇ ಕ್ಲಾಸು, ಮಾರ್ಚಿಗೆ ಪರೀಕ್ಷೆ. ದೊಡ್ಡವ್ವನ ತವರು ಪಾಳ್ಯದ ಕಡೆ. ಅಲ್ಲಿ ತಮ್ಮನ ಮಕ್ಕಳಿಗೇ ಕಾಲು ಚಾಚಲು ಜಾಗವಿಲ್ಲ.

ಅವತ್ತು ಸಾಯಂಕಾಲ ಲೋಟದ ಬುಟ್ಟಿ ಎತ್ತುವಾಗ ಧೈರ್ಯ ಮಾಡಿ ಶ್ರೀನಾಥನನ್ನು ಕೇಳಿದೆ. “ಸಾರ್, ಸೀರಿಯಲ್ ನಿಲ್ಸ್‌ಬುಡ್ತೀರಾ?”

“ಜನ ನೋಡಿದ್ರೆ ಯಾಕಮ್ಮ ನಿಲ್ಲಿಸ್ತೀವಿ? ಮುಂದಿನ ವಾರ ಈ ಹೊಡೆತದ ಸೀನ್ ಬರುತ್ತೆ. ಎಲ್ಲಾ ನೋಡಿ, ನೋಡೋಕ್ ಹೇಳಿ” ಎಂದು ಕಾರು ಹತ್ತಿದ.

ನಾವು ನಂಬಿದೆವು. ನೋಡಿದರೆ ಉಳಿಯುತ್ತದೆ ಅಂದಮೇಲೆ ನೋಡುವುದೇನು ಕಷ್ಟ? ಆದರೆ ಅದು ಜನವರಿ, ಕಾಫಿ ಕುಯ್ಲಿನ ಕಾಲ. ಮಧ್ಯಾಹ್ನ ಎರಡಕ್ಕೆ ಲೈನಿನಲ್ಲಿ ನಾಯಿಯೂ ಇರುವುದಿಲ್ಲ. ನಮ್ಮ ಲೈನಿನವಳೇ ಬಸಮ್ಮ ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು. “ಚೌಡಕ್ಕನ ರೂಮ್ ಉಳೀಬೇಕಾ ಬ್ಯಾಡ್ವಾ? ಹಂಗಾರೆ ಅರ್ಧ ದಿನ ಹೋದ್ರೆ ಹೋಗ್ಲಿ ಕಣ್ರೇ. ಯಾರ್ ಬರಕಾಗಲ್ವೋ ಅವ್ರು ಟೀವಿ ಹಾಕ್‌ಬುಟ್ಟು ಬೀಗ ಜಡ್ಕೊಂಡ್ ಹೋಗಿ. ಓಡ್ತಾ ಇರ್ಲಿ.”

ಹನ್ನೆರಡು ರೂಮಿಗೆ ಒಂಬತ್ತು ಟೀವಿ. ಸೋಮವಾರ ಎರಡು ಗಂಟೆಗೆ ಒಂಬತ್ತೂ ಕೂಗಿದವು. ಬೀಗ ಹಾಕಿದ ನಾಲ್ಕು ಮನೆಗಳಲ್ಲಿ ಖಾಲಿ ಚಾಪೆಯ ಮುಂದೆ ಸೌದಾಮಿನಿ ನಿಲಯ ಓಡಿತು. ಮಿಕ್ಕವರು ಬಸಮ್ಮನ ಮನೆಯಲ್ಲಿ ಸೇರಿದೆವು. ದೊಡ್ಡವ್ವ ಮಧ್ಯೆ ಕೂತಿದ್ದಳು.

ಚಪ್ಪಲಿ ಎದ್ದಿತು. ಗುಡುಗಿನ ಸದ್ದು. ಒಂದೇ ಏಟನ್ನು ಮೂರು ಕಡೆಯಿಂದ ತೋರಿಸಿದರು. ಏಳು ಸಲ ಹೊಡೆದದ್ದರಲ್ಲಿ ಓಕೆ ಆದದ್ದು ಒಂದು, ಟೀವಿಯಲ್ಲಿ ಅದೇ ಮೂರಾಯಿತು. “ನಿನ್ ಕೈ ಸೇದೋಗ ಲೌಡಿ!” ಎಂದು ಬಸಮ್ಮ ನಯನಾಳಿಗೆ ಶಾಪ ಹಾಕಿದಳು. ದೊಡ್ಡವ್ವ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಾ, “ಸೀರೆ ಚೆಂದಾಗ್ ಕಾಣ್ತೈತೆ ಅಲ್ವಾ ತನು?” ಎಂದಳು. ನಾನು ಹೂಂ ಅಂದೆ. ಇನ್ನೇನು ಹೇಳಲಿ?

ಮಂಗಳವಾರ ಬೆಳಿಗ್ಗೆ ಹಾಜರಿ ಕೂಗುವಾಗ ರೈಟರ್ ರಾಜೇಶ್ ನಮ್ಮನ್ನು ಒಂದು ಕಡೆ ನಿಲ್ಲಿಸಿದ.

“ಏನ್ರೇ ಮಹಾರಾಣೀರಾ, ಹಣ್ಣು ಗಿಡದಲ್ಲಿ ಒಣಗ್ತಾ ಐತೆ, ನೀವು ಸೀರಿಯಲ್ ನೋಡ್ತಾ ಕುಂತಿದ್ರಾ? ಟೀವಿ ಕೊಡ್ಸಿದ್ ಯಾವನೇ ನಿಮ್ಗೆ? ಮುಂಡೇವಾ, ಇವತ್ತಿಂದ ಕುಯ್ಲು ಬ್ಯಾಡ. ಉದುರು ಆಯ್ರಿ!”

ಉದುರು ಅಂದರೆ ಗಿಡದ ಬುಡದಲ್ಲಿ ಒಣ ದರಗೆಲೆಯೊಳಗೆ ಬಿದ್ದ ಹಣ್ಣು. ಮೊಣಕೈ ಊರಿ, ಮೂಗು ಮಣ್ಣಿಗೆ ತಾಗುವಂತೆ ಬಗ್ಗಿ ಒಂದೊಂದೇ ಆಯಬೇಕು. ಬುಟ್ಟಿ ತುಂಬುವುದರೊಳಗೆ ಸೊಂಟ ನಮ್ಮದಲ್ಲ. ಆಯ್ದೆವು. ಮಧ್ಯಾಹ್ನ ಆದೊಡನೆ ಸರದಿಯ ಮೇಲೆ ಓಡಿಹೋಗಿ ನೋಡಿದೆವು. ಹಾಗೆ ಒಂದು ವಾರ. ದಿನವೂ ಅದೇ ಹೊಡೆತ, ಹಿಂದಿನ ಸಂಚಿಕೆಯಲ್ಲಿ ಅಂತ ಒಮ್ಮೆ, ಕೆಂಚಿ ಕತ್ತಲಲ್ಲಿ ನೆನೆಸಿಕೊಂಡು ಅಳುವಾಗ ಒಮ್ಮೆ. ನಮ್ಮವಳು ಚಪ್ಪಲಿ ಏಟು ತಿನ್ನುವುದನ್ನು ನಾವೇ ಹರಕೆ ಹೊತ್ತವರ ಹಾಗೆ ತಪ್ಪದೆ ನೋಡಿದೆವು. ನೋಡದಿದ್ದರೆ ಅವಳ ರೂಮು ಹೋಗುತ್ತದಲ್ಲ.

ಮುಂದಿನ ಶೂಟಿಂಗಿಗೆ ಶ್ರೀನಾಥ್ ಬಂದಾಗ ಮುಖ ಬಾಡಿತ್ತು. ಗಡ್ಡ ಬಿಟ್ಟಿದ್ದ. ಟೀ ಕೊಡುತ್ತಾ ಹೇಳಿದೆ. “ಸಾರ್, ನಮ್ ಲೈನಲ್ಲಿ ಒಂದ್ ಮನೆ ಬಿಡ್ದಂಗೆ ಎಲ್ಲಾ ನೋಡಿದೀವಿ. ಬೀಗ ಹಾಕಿದ್ ಮನೇಲೂ ಹಾಕಿದ್ವಿ.”

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ನಕ್ಕ. ನಗು ಅರ್ಧಕ್ಕೇ ನಿಂತಿತು.

“ಅಯ್ಯೋ, ಹಾಗಲ್ಲಮ್ಮ. ಎಲ್ಲರ ಮನೇದೂ ಲೆಕ್ಕಕ್ಕೆ ಬರಲ್ಲ. ಅಲ್ಲಲ್ಲಿ ಕೆಲವು ಮನೇಲಿ ಟೀವಿ ಪಕ್ಕ ಏನು ನೋಡಿದ್ರು ಅಂತ ಲೆಕ್ಕ ಇಡೋ ಒಂದು ಪೆಟ್ಟಿಗೆ ಇಟ್ಟಿರ್ತಾರೆ. ಯಾರ ಮನೆ ಅಂತ ನಮಗೂ ಗೊತ್ತಾಗಲ್ಲ. ಆ ಪೆಟ್ಟಿಗೆ ಇರೋ ಮನೆಯೋರು ನೋಡಿದ್ರೆ ಮಾತ್ರ ನೋಡಿದ ಹಾಗೆ. ನಿಮ್ಮ ಲೈನಲ್ಲಿ ಯಾರಾದ್ರೂ ಬಂದು ಪೆಟ್ಟಿಗೆ ಇಟ್ಟಿದ್ರಾ?”

“ಇಲ್ಲ ಸಾರ್.”

“ಮತ್ತೆ?”

“ಹಂಗಾರೆ ನಾವು ನೋಡಿದ್ದು?”

“ಯಾರಿಗೂ ಗೊತ್ತಾಗಲ್ಲ” ಎಂದ. ಬೇಸರದಲ್ಲೇ ಅಂದ, ಪಾಪ. ಶನಿವಾರ ಕೊನೆಯ ದಿನವೆಂದೂ ಅವನೇ ಹೇಳಿದ. ಇನ್ನು ಆ ಹೊತ್ತಿಗೆ ಹಳೆಯ ಸಿನಿಮಾ ಹಾಕುತ್ತಾರಂತೆ, ಹೊಸ ಕೆಲಸ ಅವನಿಗೂ ಇನ್ನೂ ಸಿಕ್ಕಿಲ್ಲವಂತೆ. ನಾನು ಲೋಟ ಎತ್ತಿಕೊಂಡು ಬಂದೆ. ವಾರವೆಲ್ಲ ಮಣ್ಣು ಮೂಸಿದ್ದು ನೆನೆದು ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು.

ಶುಕ್ರವಾರವೇ ರೈಟರ್ ದೊಡ್ಡವ್ವನ ಬಾಗಿಲಿಗೆ ಬಂದ. “ಭಾನ್ವಾರ ಕೂಲಿಗೆ ಅಸ್ಸಾಮಿನೋರು ಬರ್ತಾವ್ರೆ. ರೂಮ್ ಬೇಕು.”

“ಮೊಗೀನ್ ಪರೀಕ್ಷೆ ಮುಗಿಯೋಗಂಟ ಇರ್ತೀನಿ ಕಣಪ್ಪ. ಎರಡೇ ತಿಂಗ್ಳು. ನಿನ್ ಕಾಲಿಗ್ ಬೀಳ್ತೀನಿ.”

“ಕಾಲಿಗ್ ಬೀಳೋದ್ ನಾಳೆ ಸೀರಿಯಲ್ನಾಗೆ ಐತಲ್ಲ, ಅಲ್ಲೇ ಬೀಳು ಹೋಗು” ಎಂದು ಹೊರಟ.

ಅದು ಸುಳ್ಳಲ್ಲ. ಕೊನೆಯ ಸೀನಿನಲ್ಲಿ ಕೆಂಚಿ ಮಾಡದ ಕಳ್ಳತನಕ್ಕೆ ಸೊಸೆಯ ಕಾಲಿಗೆ ಬಿದ್ದು ಕ್ಷಮೆ ಕೇಳಬೇಕಿತ್ತು. ಸತ್ತ ಮಂಡಿ ಮಡಚಿ ದೊಡ್ಡವ್ವ ಬಿದ್ದಳು. ಒಂದೇ ಸಲಕ್ಕೆ ಓಕೆ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಕೇಕ್ ಕತ್ತರಿಸಿದರು, ಒಬ್ಬರನ್ನೊಬ್ಬರು ತಬ್ಬಿ ಅತ್ತರು. ಗುಂಪು ಫೋಟೋಕ್ಕೆ ನಿಂತಾಗ ಯಾರೋ “ಅಜ್ಜಿ, ಸ್ವಲ್ಪ ಸೈಡಿಗೆ” ಎಂದರು.

ದೊಡ್ಡವ್ವ ಸೈಡಿಗೆ ಹೋದಳು. ಅಲ್ಲಿ ಸಾಹುಕಾರರು ಕೂರುವ ದೊಡ್ಡ ಸೋಫಾ ಇತ್ತು. ಅದರ ಮೇಲೆ ಕೂತಳು. ಕಾಲು ಚಾಚಿ, ಬೆನ್ನು ಆನಿಸಿ.

ಲೈಟುಗಳನ್ನು ಬಿಚ್ಚಿದರು, ವಯರು ಸುತ್ತಿದರು, ವ್ಯಾನುಗಳು ಹೊರಟವು. ಅವಳು ಏಳಲಿಲ್ಲ. ಅಮ್ಮಾವ್ರು ಬಂದು ನೋಡಿ ಕಿರುಚಿದರು. “ರಾಜೇಶಾ! ಏನೋ ಇದು? ಶೂಟಿಂಗ್ ಮುಗೀತಲ್ಲ, ಇವಳು ಯಾಕೋ ಇನ್ನೂ ಒಳಗೆ?”

“ಏ ಚೌಡಿ, ಏಳೇ!”

“ಏಳಲ್ಲ. ನನ್ ರೂಮ್ ನಂಗೆ ಇರ್ಲಿ ಅನ್ರಿ, ಏಳ್ತೀನಿ.”

“ಏಳ್ತೀಯೋ ಇಲ್ಲ ಎಳೆದಾಕ್ಲೋ?”

“ಬಾ. ಎಳಿ.”

ರೈಟರ್ ಎರಡು ಹೆಜ್ಜೆ ಹೋಗಿ ನಿಂತ. ಈ ಬಂಗಲೆಯಲ್ಲಿ ಬಾಯಿಬಿಟ್ಟು ಯಾರೂ ಜಾತಿ ಅನ್ನುವುದಿಲ್ಲ, ಕಾಲ ಕೆಟ್ಟಿದೆ ಎಂದು ಅವರಿಗೆ ಗೊತ್ತು. ಆದರೆ ಮುಟ್ಟಲಿಲ್ಲ. ಡ್ರೈವರ್ ಮುಟ್ಟಲಿಲ್ಲ. ಅಡುಗೆಯವನು ಒಳಗಿಂದ ಹೊರಗೇ ಬರಲಿಲ್ಲ. ಒಂದು ಮುದುಕಿ ನಡುಮನೆಯಲ್ಲಿ ಕೂತಿದ್ದಾಳೆ, ಎತ್ತುವವರಿಲ್ಲ. ನನಗೆ ಒಳಗೊಳಗೇ ಖುಷಿ ಉಕ್ಕಿತು. ಕೂತ್ಕೋ ದೊಡ್ಡವ್ವಾ, ಮಾರ್ಚಿನವರೆಗೂ ಕೂತ್ಕೋ ಅಂದುಕೊಂಡೆ.

ರೈಟರ್ ತಿರುಗಿ ನನ್ನನ್ನು ನೋಡಿದ.

“ತನುಜಾ, ಬಾ ಇಲ್ಲಿ. ನಿಮ್ಮೋಳು ತಾನೆ, ಎತ್ತಿ ಆಚೆ ಹಾಕು.”

“ನನ್ ಕೈಲಾಗಲ್ಲ ರೈಟ್ರೇ.”

“ಆಗಲ್ವಾ? ಸರಿ. ಭಾನ್ವಾರ ಎರಡು ರೂಮ್ ಖಾಲಿ ಆಗ್ತವೆ ಬಿಡು.”

ನನ್ನ ಗಂಡ ಮರಗಸಿಗೆಂದು ಹತ್ತಿ ಕೊಂಬೆ ಕಡಿಯುವಾಗ ಸಿಲ್ವರ್ ಮರದಿಂದ ಬಿದ್ದು ಸತ್ತ. ಎರಡು ಮಕ್ಕಳಿವೆ. ಚಿಕ್ಕದಕ್ಕೆ ಮೂರು ವರ್ಷ. ಇದನ್ನು ನಿಮ್ಮ ಕನಿಕರಕ್ಕೆ ಹೇಳುತ್ತಿಲ್ಲ. ನಾನು ಹೋದೆ, ಅದಕ್ಕೆ ಹೇಳುತ್ತಿದ್ದೇನೆ.

ಹಿತ್ತಿಲ ಹೊಸಿಲು ದಾಟಿ ನಡುಮನೆಗೆ ಹೋಗಿ ಅವಳ ಕಂಕುಳಿಗೆ ಕೈ ಹಾಕಿದೆ. ದೊಡ್ಡವ್ವ ಮುಖ ಎತ್ತಿ, “ನೀನಾ ತನು?” ಎಂದಳು. ನಾನು ಎತ್ತಿದೆ. ಅವಳು ಕೊಸರಾಡಲಿಲ್ಲ. ಹಿತ್ತಿಲ ಬಾಗಿಲವರೆಗೆ ನಡೆಸಿಕೊಂಡು ಬಂದು ಹೊರಗೆ ಬಿಟ್ಟೆ. ಅಲ್ಲಿ ನಿಂತು ನನ್ನ ಮುಖಕ್ಕೆ ಉಗಿದಳು. ರೈಟರ್ ಮುಖಕ್ಕಲ್ಲ, ನನ್ನ ಮುಖಕ್ಕೆ.

“ಸೋಫಾ ಒರೆಸ್‌ಬುಟ್ಟು ಹೋಗು” ಎಂದು ಅಮ್ಮಾವ್ರು ದೂರದಿಂದಲೇ ಬಕೆಟ್ ತೋರಿಸಿದರು. ಸೆರಗಿನಲ್ಲಿ ಮುಖ ಒರೆಸಿಕೊಂಡು ಸೋಫಾ ಒರೆಸಿದೆ. ಅವಳ ಮೈಯ ಬಿಸಿ ಇನ್ನೂ ಅಲ್ಲಿತ್ತು.

ಕಿಟಕಿಯಾಚೆ ಏನೋ ಗಲಾಟೆ. ಬಗ್ಗಿ ನೋಡಿದೆ. ದೊಡ್ಡವ್ವ ಲೈನಿನ ಕಡೆ ಹೋಗಿರಲಿಲ್ಲ. ಬಂಗಲೆಯ ಮುಂದಿನ ಕಣದಲ್ಲಿ, ಒಣಗಲು ಹರವಿದ ಕಾಫಿಯ ನಟ್ಟನಡುವೆ ಹೋಗಿ ಕೂತಿದ್ದಳು. ರೈಟರ್ ಅಂಚಿನಲ್ಲಿ ನಿಂತು ಬೈಯುತ್ತಿದ್ದ. ಅವಳು ಅತ್ತ ನೋಡುತ್ತಲೂ ಇರಲಿಲ್ಲ.

“ತನುಜಾ! ಏ ತನುಜಾ! ಬಾರೇ ಇಲ್ಲಿ!” ಎಂದು ಅವನು ಕೂಗಿದ.

ನಾನು ಬಟ್ಟೆಯನ್ನು ಬಕೆಟಿಗೆ ಅದ್ದಿದೆ. ಹಿಂಡಿದೆ. ಮತ್ತೆ ಅದ್ದಿದೆ. ಓಗೊಡಲಿಲ್ಲ. ಅವನು ಇನ್ನೊಮ್ಮೆ ಕೂಗಿದ. ಇನ್ನೆಷ್ಟು ಹೊತ್ತು ಓಗೊಡದೆ ಇರಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.