ಜುಮುಕಿ ಒಲ್ಲದ ಕಿವಿ

ಎಪ್ಪತ್ತೆಂಟನೇ ಇಸವಿಯಲ್ಲಿ ಮದುವೆಯಾಗಿ ಕುಣಿಗಲ್ಲಿಗೆ ಬಂದ ವಾರದೊಳಗೆ ಶರೀಫುನ್ನೀಸಾಳ ಕಿವಿ ಸೋರತೊಡಗಿತು. ನಿಕಾಹ್ ದಿನ ಅತ್ತೆ ಬೀಬಿಜಾನ್ ಹತ್ತು ಜನರೆದುರು ತೊಡಿಸಿದ್ದ ಚಿನ್ನದ ಜುಮುಕಿ ಹಾಕಿದರೆ ಸಾಕು, ಹಾಲೆ ಕೆಂಪಾಗಿ ತುರಿಸಿ ನೀರಾಡುತ್ತಿತ್ತು. ಕೊಬ್ಬರಿ ಎಣ್ಣೆ, ಅರಿಸಿನ ಹಚ್ಚಿದಳು. ಬಿಸಿನೀರಲ್ಲಿ ತೊಳೆದು ಒರೆಸಿ ಹಾಕಿಕೊಂಡಳು. ಜುಮುಕಿಯ ಕಡ್ಡಿಗೆ ಉಗುರುಬಣ್ಣ ಬಳಿದದ್ದೂ ಆಯಿತು. ಬಣ್ಣ ಸುಲಿಯುವವರೆಗೆ ಸುಖ, ಆಮೇಲೆ ಯಥಾಪ್ರಕಾರ.

"ಚಿನ್ನ ಒಗ್ಗದ ಕಿವಿ ಕಣಮ್ಮ ಇವ್ಳದು. ರಕ್ತಾನೇ ಕೆಟ್ಟದ್ದು," ಎಂದು ಬೀಬಿಜಾನ್ ಬೀದಿಗೆಲ್ಲ ಸಾರಿದಳು. ಸೊಸೆ ಇನ್ನೂ ಬಸಿರಾಗದ್ದಕ್ಕೂ ಆ ರಕ್ತವೇ ಕಾರಣವಾಯಿತು. ಮಗನಿಗೆ ಬೇರೆ ಹೆಣ್ಣು ನೋಡುವ ಮಾತೂ ಎದ್ದಿತು. ಗಂಡ ನೂರ್ ಅಹಮದ್ ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ.

ಅದೇ ಕಿವಿಯ ಮೇಲಂಚಿನಲ್ಲಿ ತವರಿನ ಚಿನ್ನದ ಬಾಲಿಗಳು, ಸಣ್ಣ ಉಂಗುರಗಳು, ಎಷ್ಟೋ ವರ್ಷದಿಂದ ತೆಪ್ಪಗೆ ಕೂತಿದ್ದವು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಈ ಮನೆಯಲ್ಲಿ ನೆಲವೇ ಡೊಂಕು, ಬೈಗುಳ ಮಾತ್ರ ಕುಣಿಯುವವಳಿಗೆ! ಜುಮುಕಿಯ ಕಡ್ಡಿಯಲ್ಲಿ ಚಿನ್ನದ ಗಿಲೀಟು ಹೋಗಿ ಒಳಗಿನ ಕಪ್ಪು ಲೋಹ ಇಣುಕಿದ ದಿನ ಶರೀಫುನ್ನೀಸಾಗೆ ಮೈಯೆಲ್ಲ ಉರಿಯಿತು. ಅದನ್ನು ಬಿಚ್ಚಿ, ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು. ಹುಣ್ಣು ಬೇಗನೆ ಒಣಗಿತು.

ನಾದಿನಿ ಮಸ್ತಾನ್ ಬೀಯ ಮದುವೆ ಬಂತು. ಗಂಡಿನ ಕಡೆಯವರು ಗುಬ್ಬಿಯವರು.

"ಇವತ್ತಾದ್ರೂ ಜುಮುಕಿ ಹಾಕ್ಕೊಳೇ. ಮನೆ ಮರ್ವಾದೆ ಕಳೀಬ್ಯಾಡ," ಎಂದಳು ಬೀಬಿಜಾನ್.

ಶರೀಫುನ್ನೀಸಾ ಜುಮುಕಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬೇವಿನ ಕಡ್ಡಿಯಲ್ಲೇ ಹೆಂಗಸರ ನಡುವೆ ಬಂದು ಕೂತಳು.

"ಇದೇನಮ್ಮ, ಕಿವೀಲಿ ಕಡ್ಡಿ?" ಎಂದು ಗಂಡಿನ ತಾಯಿ ಕೇಳಿದಳು.

ಬೀಬಿಜಾನ್ ಮುಂದೆ ಬಿದ್ದು, "ಅವ್ಳಿಗೆ ಚಿನ್ನ ಆಗಲ್ಲ. ಕೆಟ್ಟ ರಕ್ತ," ಎಂದಳು.

ಶರೀಫುನ್ನೀಸಾ ಅತ್ತೆಯತ್ತ ತಿರುಗಿ ಗಂಟು ಬಿಚ್ಚಿದಳು. "ಹೌದಮ್ಮಿ, ನಂಗಾಗಲ್ಲ. ನಿಮ್ ಮಗ್ಳದು ಒಳ್ಳೇ ರಕ್ತ ಅಲ್ವಾ? ಮಸ್ತಾನ್, ತಗೋ, ಗಂಡನ್ ಮನೆಗೆ ಇದ್ನ ಹಾಕ್ಕೊಂಡು ಹೋಗು."

"ಎಲ್ಲಿ, ಎಷ್ಟು ತೂಕ ಐತೆ ನೋಡಾನ," ಎಂದು ಗಂಡಿನ ತಾಯಿ ಕೈಚಾಚಿದಳು.

ಬೀಬಿಜಾನ್ ಹೂವಿನ ತಟ್ಟೆ ದಾಟಿ ಬಂದು ಜುಮುಕಿ ಕಿತ್ತುಕೊಂಡಳು. "ಬ್ಯಾಡ! ನನ್ ಮಗ್ಳಿಗೆ ಇದು ಬ್ಯಾಡ!"

"ಯಾಕಮ್ಮಿ? ಚಿನ್ನ ಅಲ್ವಾ?" ಎಂದಳು ಶರೀಫುನ್ನೀಸಾ.

ಹೆಂಗಸರೆಲ್ಲ ಬೀಬಿಜಾನಳ ಬಿಗಿದ ಮುಷ್ಟಿಯನ್ನೇ ನೋಡುತ್ತಿದ್ದರು.

ಶರೀಫುನ್ನೀಸಾ ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ, ಬೇವಿನ ಕಡ್ಡಿ ಎಲ್ಲರಿಗೂ ಕಾಣುವಂತೆ ಕೂತು, ನಾದಿನಿಯ ಕೈಗೆ ಬಳೆ ಏರಿಸತೊಡಗಿದಳು.