ಅಕ್ಕನ ಗುಳಿಗೆಗಳು

"ಹಿರೇರು ನೀವು, ಮೊದಲ ನಿಮಗೇ ತುಂಬ್ತೀನಿ. ಸೆರಗು ಒಡ್ಡರಿ," ಎಂದು ಬೀಗತಿ ಶೈಲಶ್ರೀ ಮಾಣಿಕಮ್ಮನ ಮುಂದೆ ಬಂದು ನಿಂತಾಗ, ಕೊಡ್ಲಿ ಊರಿನ ಆ ಪಡಸಾಲೆಯಲ್ಲಿ ಕುಳಿತಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ಕಿಸಕ್ಕನೆ ನಕ್ಕರು. ಹಿರಿಯಳು ಮಾಣಿಕಮ್ಮನಲ್ಲ, ಪಕ್ಕದಲ್ಲಿ ಕುಳಿತಿದ್ದ ಅವಳ ಅಕ್ಕ ಭೀಮಮ್ಮ. ಅದೂ ಒಂದೆರಡಲ್ಲ, ಐದು ವರ್ಷಕ್ಕೆ ಹಿರಿಯಳು, ಅರವತ್ಮೂರು ದಾಟಿದವಳು.

ಅವತ್ತು ಅವರ ತಮ್ಮ ಸಂಗಣ್ಣನ ಸೊಸೆಯ ಕುಬಸ, ಸೀಮಂತದ ಶಾಸ್ತ್ರ. ಬಸುರಿಯ ತವರಿನವರು ಗಂಡನ ಕಡೆಯ ಹಿರಿಯ ಮುತ್ತೈದೆಗೆ ಮೊದಲು ಉಡಿ ತುಂಬಿ ರೇಷ್ಮೆ ಸೀರೆ ಕೊಡಬೇಕು, ಉಳಿದವರಿಗೆ ಸಾದಾ ಸೀರೆ. ಬಸುರಿಯ ತಾಯಿ ಶೈಲಶ್ರೀಗೆ ಈ ಅಕ್ಕತಂಗಿಯರಲ್ಲಿ ಹಿರಿಯಳು ಯಾರೆಂಬುದು ಗೊತ್ತಿರಲಿಲ್ಲ. ಮುಖ ನೋಡಿ ಅಂದಾಜು ಮಾಡಿದಳು, ಅಷ್ಟೆ. ಯಾರೋ ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಭೀಮಮ್ಮ, "ಇರ್ಲಿ ಬಿಡ್ರಿ, ಆಕಿಗೇ ಕೊಡ್ರಿ. ಅಕ್ಕ ಉಟ್ರೇನು, ತಂಗಿ ಉಟ್ರೇನು," ಎಂದುಬಿಟ್ಟಳು. ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಖಣದ ಜೊತೆ ರೇಷ್ಮೆ ಸೀರೆ ಮಾಣಿಕಮ್ಮನ ಮಡಿಲಿಗೆ ಬಂತು. ಅಂಥ ಸೀರೆಯನ್ನು ಅವಳು ತನ್ನ ಮದುವೆಯಲ್ಲೂ ಉಟ್ಟಿರಲಿಲ್ಲ. ಆದರೂ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಅಕ್ಕ ಜಗಳ ತೆಗೆದು ಸೀರೆ ಕಿತ್ತುಕೊಂಡಿದ್ದರೂ ತಡೆದುಕೊಳ್ಳುತ್ತಿದ್ದಳು, ಅವಳ ಆ ದೊಡ್ಡತನವನ್ನು ಮಾತ್ರ ತಡೆಯಲಾಗಲಿಲ್ಲ.

ಈ ಹೊಟ್ಟೆಕಿಚ್ಚು ನಿನ್ನೆ ಮೊನ್ನೆಯದಲ್ಲ. ಭೀಮಮ್ಮನನ್ನು ಸುಲೇಪೇಟದ ಬಟ್ಟೆ ಅಂಗಡಿಯವರಿಗೆ ಕೊಟ್ಟರು, ಮಾಣಿಕಮ್ಮನನ್ನು ಶಹಾಬಾದಿನ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕೆಲಸದವನಿಗೆ. ಅಕ್ಕ ನೆರಳಿನಲ್ಲಿ ಕುಳಿತು ಸೀರೆ ಮಡಚಿದಳು. ತಂಗಿ ಇಪ್ಪತ್ತೆರಡು ವರ್ಷ ಪಾಲಿಶ್ ಮಷೀನಿನ ಪಕ್ಕ ಬಿಸಿಲಲ್ಲಿ ಕಲ್ಲು ಜೋಡಿಸಿದಳು. ಮನೆಗೆ ಬಂದರೆ ಗಂಡನ ಬೀಡಿ ಹೊಗೆ. ಈಗ ನೋಡಿದರೆ ಅಕ್ಕನ ಕೆನ್ನೆ ಇನ್ನೂ ನುಣ್ಣಗಿದೆ, ತನ್ನದು ಸುಕ್ಕುಗಟ್ಟಿ ಕೂತಿದೆ. ಒಂದೇ ತಾಯಿಯ ಹಾಲು ಕುಡಿದವರಲ್ಲವೇ? ಇದರಲ್ಲಿ ಏನೋ ಮರ್ಮವಿರಬೇಕು ಎಂದು ಅವಳಿಗೆ ಎಷ್ಟೋ ವರ್ಷದಿಂದ ಗುಮಾನಿ.

ಆ ರಾತ್ರಿ ಸುಲೇಪೇಟದಲ್ಲಿ ಅಕ್ಕನ ಮನೆಯಲ್ಲೇ ಉಳಿದಳು. ಮುಂಜಾನೆ ಎಚ್ಚರವಾದಾಗ ಮರ್ಮ ಕಣ್ಣೆದುರಿಗೇ ಸಿಕ್ಕಿತು. ಭೀಮಮ್ಮ ಕಪಾಟಿನ ಬಾಗಿಲ ಮುಂದೆ ನಿಂತಿದ್ದಳು. ಬಾಗಿಲಿಗೆ ಅಂಗೈಯಗಲದ, ಅಡ್ಡ ಉದ್ದ ಗೆರೆಗಳ ಒಂದು ಚೌಕುಳಿ ಕಾಗದ ಅಂಟಿಸಿತ್ತು, ನಡುವೆ ಒಂದು ಕರಿ ಚುಕ್ಕೆ. ಅಕ್ಕ ಚಷ್ಮಾ ಹಾಕಿಕೊಂಡು ಎಡಗಣ್ಣು ಮುಚ್ಚಿ ಅದನ್ನೇ ದಿಟ್ಟಿಸಿದಳು. ಆಮೇಲೆ ಬಲಗಣ್ಣು ಮುಚ್ಚಿದಳು. ತಿಂಡಿಯಾದ ಮೇಲೆ ಒಂದು ಡಬ್ಬಿಯಿಂದ ಗುಳಿಗೆಯ ಪಟ್ಟಿ ತೆಗೆದು, ಒಂದು ಕೆಂಪು ಗುಳಿಗೆ ಬಿಡಿಸಿ ನುಂಗಿದಳು.

"ಏನಕ್ಕ ಅದು?"

"ಏನಿಲ್ಲ, ಶಕ್ತಿ ಗುಳಿಗಿ," ಎಂದು ಭೀಮಮ್ಮ ಮಾತು ಹಾರಿಸಿದಳು.

ಅಕ್ಕ ಸ್ನಾನಕ್ಕೆ ಹೋದದ್ದೇ ತಡ, ಮಾಣಿಕಮ್ಮ ಕಾಗದದ ಮುಂದೆ ನಿಂತು ತಾನೂ ಒಂದು ಕಣ್ಣು ಮುಚ್ಚಿ ನೋಡಿದಳು. ಮುಖದ ಸುಕ್ಕು ಬಿಡಿಸುವ ವ್ಯಾಯಾಮವೇ ಇದು ಎಂದು ಅವಳಿಗೆ ಖಾತ್ರಿಯಾಗಿತ್ತು. ಕಣ್ಣಲ್ಲಿ ನೀರು ಬಂತೇ ಹೊರತು ಬೇರೇನೂ ಆಗಲಿಲ್ಲ. ಆಮೇಲೆ ಡಬ್ಬಿ ತೆಗೆದು, ಗುಳಿಗೆಯ ಪಟ್ಟಿಯ ಫೋಟೋ ಹೊಡೆದು, ಶಹಾಬಾದಿನಲ್ಲಿ ಔಷಧ ಅಂಗಡಿಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಜಬೀನಾಳಿಗೆ ಕಳಿಸಿದಳು. ಜಬೀನಾಳ ಉತ್ತರ ಫೋನಿಗೆ ಧ್ವನಿ ಸಂದೇಶವಾಗಿ ಬಂತು.

"ಮೌಸಿ, ಇವು ಆಂಟಿಆಕ್ಸಿಡೆಂಟ್ ಗುಳಿಗಿ. ಬಿಸಲು, ಹೊಗಿ, ಧೂಳಿನಿಂದ ನಮ್ಮ ಮೈಯಾಗ ಫ್ರೀ ರ‍್ಯಾಡಿಕಲ್ ಅಂತ ಜಾಸ್ತಿ ಆಗ್ತಾವ. ಕಬ್ಬಿಣಾನ ಜಂಗ್ ತಿಂದಂಗ ಅವು ಒಳಗಿಂದ ತಿಂತಾವ, ಜಲ್ದಿ ಮುಪ್ಪು ಬರ್ತದ. ಅದನ್ನ ತಡ್ಯಾಕ ಇವು. ಆದರ ನಮ್ಮಂಥವರಿಗೆ ಹಣ್ಣು, ತಪ್ಪಲ ಪಲ್ಯ ತಿಂದ್ರ ಸಾಕ್ರಿ. ಇವನ್ನ ಡಾಕ್ಟರ್ ಏನೋ ಖಾಸ್ ಕಾರಣಕ್ಕ ಬರೆದಿರ್ತಾರ. ಯಾರಿಗೆ, ಯಾಕ ಬರದಾರ, ಮೊದಲ ಕೇಳ್ರಿ."

ಮಾಣಿಕಮ್ಮ ಮೊದಲರ್ಧವನ್ನು ಮೂರು ಸಲ ಕೇಳಿದಳು. ಬಿಸಿಲು, ಹೊಗೆ, ಧೂಳು! ತನ್ನ ಇಡೀ ಬಾಳನ್ನೇ ಆ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿದ್ದಳು. ಜಂಗು ಹಿಡಿದದ್ದು ತನಗೆ, ಗುಳಿಗೆ ನುಂಗುತ್ತಿರುವವಳು ನೆರಳಲ್ಲಿ ಕುಳಿತ ಅಕ್ಕ. ಇಷ್ಟು ದಿನ ಒಂದು ಮಾತು ಹೇಳಿದಳೇ? ಕೊನೆಯ ಮಾತು ಅವಳ ಕಿವಿಗೆ ಹೋಗಲೇ ಇಲ್ಲ. ಡಬ್ಬಿಯಲ್ಲಿ ಆರು ಪಟ್ಟಿ ಇದ್ದವು. ಎರಡನ್ನು ತೆಗೆದು ಚೀಲದಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ತುರುಕಿದಳು. ಮನಸ್ಸು ಚುಚ್ಚಲಿಲ್ಲ ಎಂದಲ್ಲ, ಚುಚ್ಚಿದ್ದಕ್ಕಿಂತ ಹಿತವೇ ಹೆಚ್ಚಾಯಿತು.

ಊರಿಗೆ ಮರಳಲು ಹತ್ತೂವರೆಗೆ ಸೇಡಂ ಬಸ್ಸು. ಮಾಣಿಕಮ್ಮ ತಲೆ ಬಾಚಿಕೊಳ್ಳುತ್ತಿದ್ದಾಗ ಒಳಗಿನಿಂದ ಭೀಮಮ್ಮ ಕರೆದಳು. ಹೋಗಿ ನೋಡಿದರೆ ಅಕ್ಕ ನೆಲಕ್ಕೆ ಮೊಣಕಾಲೂರಿ ಮಂಚದ ಕೆಳಗೆಲ್ಲ ಅಂಗೈ ಆಡಿಸುತ್ತಿದ್ದಳು.

"ಗುಳಿಗಿ ಆರು ಪಟ್ಟಿ ಇದ್ವು. ನಾಕೇ ಸಿಗಾಕತ್ತಾವ."

"ಎಲ್ಲರೆ ಇಟ್ಟಿರ್ತಿ, ಬಿಡಕ್ಕ," ಎಂದಳು ಮಾಣಿಕಮ್ಮ.

ಭೀಮಮ್ಮ ಎದ್ದು ಬಾಗಿಲು ಮುಂದೆ ಮಾಡಿ, ತಂಗಿಯ ರಟ್ಟೆ ಹಿಡಿದು ಕಪಾಟಿನ ಮುಂದೆ ನಿಲ್ಲಿಸಿದಳು. "ಒಂದು ಕಣ್ಣು ಮುಚ್ಚಿ ಈ ಹಾಳಿ ನೋಡು. ಗೆರಿ ಹ್ಯಾಂಗ ಕಾಣ್ತಾವ?"

"ಹ್ಯಾಂಗಂದ್ರ? ನೆಟ್ಟಗ ಅವ."

"ಎಲ್ಲಾ ನೆಟ್ಟಗ?"

"ಎಲ್ಲಾ."

"ನನಗ ಇಲ್ಲ," ಎಂದಳು ಭೀಮಮ್ಮ. "ಎಡಗಣ್ಣಿಗೆ ನಟ್ಟನಡುವ ಕರೀ ಮಬ್ಬು, ಏನೂ ಕಾಣಂಗಿಲ್ಲ. ಕಣ್ಣಿನ ಪರದಿ ಸವದಾದಂತ. ಬಲಗಣ್ಣಾಗ ಈಗೀಗ ಗೆರಿ ಸೊಟ್ಟ ಕಾಣಾಕತ್ತಾವ. ಹೋದ ಕಣ್ಣು ಬರಂಗಿಲ್ಲ, ಈ ಗುಳಿಗಿ ತೊಗೊಂಡ್ರ ಇದ್ದದ್ದು ಜಲ್ದಿ ಹೋಗಲಿಕ್ಕಿಲ್ಲ ಅಂದಾರ ಕಲಬುರಗಿ ಡಾಕ್ಟರು. ನಮ್ಮವರಿಗೆ ಬಿಟ್ರ ಯಾರಿಗೂ ಹೇಳಿಲ್ಲ. ಹೇಳಿದ್ರ ಎಲ್ಲಾರೂ ಕೈ ಹಿಡದು ನಡಸಾಕ ಶುರು ಮಾಡ್ತಾರ."

ನಲವತ್ತು ವರ್ಷ ಮಾಣಿಕಮ್ಮ ಅಕ್ಕನ ಸೀರೆ, ಅಕ್ಕನ ಮನೆ, ಅಕ್ಕನ ಕೆನ್ನೆ ಎಲ್ಲಕ್ಕೂ ಕರುಬಿದ್ದಳು. ಈ ಒಂದು ಕ್ಷಣ ಮಾತ್ರ ಕರುಬಲು ಏನೂ ಸಿಗದೆ ತಬ್ಬಿಬ್ಬಾದಳು. ಅಕ್ಕ ಮತ್ತೆ ಡಬ್ಬಿಯಲ್ಲಿ ಬೆರಳಾಡಿಸಲು ತಿರುಗಿದಾಗ, ಅಲ್ಲೇ ಗೋಡೆಗೆ ಒರಗಿಸಿಟ್ಟಿದ್ದ ಚೀಲದಿಂದ ಪಟ್ಟಿಗಳನ್ನು ಎಳೆದು ಮಂಚದ ಕಾಲಿನ ಹತ್ತಿರ ಇಟ್ಟಳು.

"ಅಯ್ಯ, ಇಲ್ಲೇ ಬಿದ್ದಾವಲ್ಲಕ್ಕ!"

ಅಕ್ಕ ಸಂತೋಷಪಡುತ್ತಾಳೆ ಅಂದುಕೊಂಡಿದ್ದಳು. ಭೀಮಮ್ಮ ಮಂಚದ ಮೇಲೆ ಕುಸಿದು ಕುಳಿತಳು.

"ಅಲ್ಲೇನು? ಮಂಚದ ಕಾಲಿನ ಹತ್ರ?"

"ಹೂಂ."

"ಅಲ್ಲೇ ಎರಡು ಸಲ ನೋಡಿದೆ ನಾನು. ಏನೂ ಕಾಣಲಿಲ್ಲ." ಅವಳು ಬಗ್ಗಿ ಮಂಚದ ಕಾಲನ್ನು ತಡವಿದಳು. "ಮಾಣಿಕಿ, ಈ ಕಣ್ಣೂ ಹೋಯ್ತಲ್ಲೇ. ವರ್ಷ ಎರಡು ವರ್ಷರೆ ತಡೀತದ ಅಂದುಕೊಂಡಿದ್ದೆ. ಸಂಗಣ್ಣನ ಮನಿ ಕೂಸಿನ ಮಾರಿನರೆ ನೋಡ್ತೀನಿ ಅಂದುಕೊಂಡಿದ್ದೆ."

ಸುಮ್ಮನಿದ್ದುಬಿಟ್ಟರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಹತ್ತೂವರೆಯ ಬಸ್ಸು ಹತ್ತಿದರೆ ಮುಗಿಯಿತು. ಕಳ್ಳಿ ಎಂಬ ಹೆಸರು ಹೊತ್ತು ಈ ಮನೆಯಿಂದ ಹೋಗುವುದಕ್ಕಿಂತ ಅದು ಎಷ್ಟೋ ಮೇಲು ಎಂದು ಮಾಣಿಕಮ್ಮನಿಗೆ ಅನ್ನಿಸದೆ ಇರಲಿಲ್ಲ. ಅಕ್ಕ ಎರಡೂ ಅಂಗೈಗಳನ್ನು ಕಣ್ಣ ಮುಂದೆ ಹಿಡಿದು, ದೂರ ಮಾಡಿ, ಹತ್ತಿರ ತಂದು ನೋಡತೊಡಗಿದಳು. ಅದನ್ನು ಮಾಣಿಕಮ್ಮನಿಂದ ನೋಡಲಾಗಲಿಲ್ಲ.

"ಅಲ್ಲಿರಲಿಲ್ಲಕ್ಕ. ನಾನೇ ಕಳುವು ಮಾಡಿದ್ದೆ. ಈಗ ಇಟ್ಟೆ."

ಭೀಮಮ್ಮನ ಕೈಗಳು ಹಾಗೆಯೇ ನಿಂತವು. "ಹಂಗಾದ್ರ ನಾ ನೋಡಿದಾಗ ಅಲ್ಲಿ ಇರಲೇ ಇಲ್ಲ?"

"ಇರಲಿಲ್ಲ."

"ಖರೇ ಹೇಳು."

"ನಿನ್ನಾಣಿ ಅಕ್ಕ. ಚೀಲದಾಗ ಇದ್ವು."

"ಅಂದ್ರ ನನ್ನ ಕಣ್ಣು ಅಷ್ಟೇನು ಹೋಗಿಲ್ಲ!" ಭೀಮಮ್ಮ ನಗತೊಡಗಿದಳು. ಸಣ್ಣ ಹುಡುಗಿಯ ಹಾಗೆ ಮಂಚ ಅಲುಗುವಂತೆ ನಕ್ಕಳು. "ಕೇಳಿದ್ರ ನಾ ಕೊಡ್ತಿದ್ದಿಲ್ಲೇನು, ಹುಚ್ಚಿ!" ಕದ್ದದ್ದೇಕೆ ಎಂದು ಕೇಳಲು ಅವಳಿಗೆ ಪುರಸೊತ್ತೇ ಇರಲಿಲ್ಲ. ಮಾಣಿಕಮ್ಮ ಬಿಕ್ಕುವುದು ಕೇಳಿಸಿ, ಹತ್ತಿರ ಎಳೆದುಕೊಂಡು ಕಣ್ಣೊರೆಸಲು ಕೈ ಚಾಚಿದಳು. ಅಕ್ಕನ ಅಂಗೈ ಈಗಲೂ ಮೆತ್ತಗಿತ್ತು. ಅಷ್ಟು ಅಳುವಿನಲ್ಲೂ ಮಾಣಿಕಮ್ಮ ಅದನ್ನು ಗಮನಿಸಿದಳು.

ಬೆರಳುಗಳು ಕಣ್ಣಿನಿಂದ ಕೆನ್ನೆಗೆ ಇಳಿದವು. ಅಲ್ಲಿ ನಿಂತವು. ಮತ್ತೆ ಮೇಲೆ ಹಣೆಗೆ ಹೋಗಿ, ಅಲ್ಲಿಂದ ಬಾಯಿಯ ಪಕ್ಕಕ್ಕೆ ಬಂದು, ಒಂದೊಂದೇ ಸುಕ್ಕಿನ ಗೆರೆಯ ಮೇಲೆ ನಿಧಾನ ನಡೆದವು. ಭೀಮಮ್ಮನ ನಗು ನಿಂತುಹೋಯಿತು.

"ಇದೆಲ್ಲಾ ಯಾವಾಗ ಆಯ್ತೇ ಮಾಣಿಕಿ?"

ಹೊರಗೆ ಸೇಡಂ ಬಸ್ಸು ಎರಡು ಸಲ ಹಾರ್ನ್ ಹೊಡೆಯಿತು. ಮಾಣಿಕಮ್ಮ ಮುಖ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.