ಹಳೆಯ ರಸ್ತೆಯ ಕೆಂಪು ಮೆಣಸಿನಕಾಯಿ

ನಾನೊಂದು ಮೆಣಸಿನಕಾಯಿ. ಗಿಡದಲ್ಲಿ ಬಿಟ್ಟಿದ್ದಲ್ಲ, ಕಬ್ಬಿಣದ ಸರಳು, ಜಾಳಿಗೆ, ಸಿಮೆಂಟಿನಿಂದ ಹುಟ್ಟಿದ್ದು. ಹಳೆಯ ಪುಣೆ-ಬೆಂಗಳೂರು ರಸ್ತೆಯ ಬದಿಯಲ್ಲಿ, ಬ್ಯಾಡಗಿಗೆ ತಿರುಗುವ ದಾರಿಗಿಂತ ಸ್ವಲ್ಪ ಹಿಂದೆ ಮಲಗಿದ್ದೇನೆ. ತೊಟ್ಟಿನ ಕಡೆ ಬಾಗಿಲು, ಹೊಟ್ಟೆಯೊಳಗೆ ಹೋಟೆಲು, ಮುಗಿಲಿಗೆ ಎತ್ತಿದ ಬಾಲದ ತುದಿಯಲ್ಲಿ ಹೊಗೆಗೂಡು. ನನ್ನ ಮೈ ಕೆಂಪು, ಒಳಗೆ ಕರಿಯುವುದು ಮಾತ್ರ ಹಸಿಮೆಣಸಿನಕಾಯಿಯ ಮಿರ್ಚಿ. ಮೊದಮೊದಲು ಇದಕ್ಕೆ ನನಗೆ ಸ್ವಲ್ಪ ನಾಚಿಕೆಯಾಗುತ್ತಿತ್ತು.

ನನ್ನನ್ನು ಕಟ್ಟಿಸಿದವನು ಪರಪ್ಪ. ಕಟ್ಟಿದವನು ಗುಡಿಗಳಿಗೆ ಗಾರೆಯ ಬೊಂಬೆ ಮಾಡುತ್ತಿದ್ದ ಮೋದಿನಸಾಬ. ಬೊಂಬೆಯ ಕೆನ್ನೆ ತೀಡಿ ರೂಢಿಯಾದ ಕೈ, ನನ್ನ ಮೈಯನ್ನೂ ನುಣ್ಣಗೆ ತೀಡಿಬಿಟ್ಟಿತು. ಪರಪ್ಪನ ಹೆಂಡತಿ ಕಲ್ಲವ್ವ ನೋಡಿದವಳೇ ಸಿಡಿಮಿಡಿಗೊಂಡಳು.

“ಸುಕ್ಕ ಇಲ್ಲದ ಬ್ಯಾಡಗಿ ಕಾಯಿ ಎಲ್ಲ್ಯರ ನೋಡೀಯೇನ ಮೋದಿನಣ್ಣಾ? ಮಂದಿ ನಕ್ಕಾರು!”

ಗಾರೆ ಒಣಗುವ ಮೊದಲೇ ಏಣಿ ಹತ್ತಿ, ಅಂಗೈಯಿಂದಲೇ ನನ್ನ ಮೈತುಂಬ ಸುಕ್ಕು ಒತ್ತಿದಳು. ಹೀಗೆ ನಾನು ಹುಟ್ಟುತ್ತಲೇ ಮುದುಕಿಯಾದೆ.

ಆಗ ರಸ್ತೆ ಹೊಳೆಯಂತೆ ಹರಿಯುತ್ತಿತ್ತು. ಲಾರಿಗಳು ಎಲ್ಲಿಂದಲೋ ತೇಲಿ ಬಂದು ನನ್ನ ನೆರಳಲ್ಲಿ ನಿಲ್ಲುತ್ತಿದ್ದವು. ಮಿರ್ಚಿ-ಮಂಡಕ್ಕಿ ತಿಂದ ಚಾಲಕರು ಅಲ್ಲೇ ಅಡ್ಡಾಗಿ ನಿದ್ದೆಹೋಗುತ್ತಿದ್ದರು. ಅವರ ಗೊರಕೆ, ಎಣ್ಣೆಯ ಚುರುಚುರು, ಬಿಸಿಲ ಝಳ ಎಲ್ಲ ಕಲಸಿಕೊಂಡು, ನಾನು ಎಚ್ಚರವಿದ್ದೇನೋ ಕನಸು ಕಾಣುತ್ತಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ.

ಒಂದು ದಿನ ಹೊಸ ಲಾರಿ ತಂದವನೊಬ್ಬ ದೃಷ್ಟಿ ತೆಗೆಯಲು ಒಂದು ಮೆಣಸಿನಕಾಯಿ ಕೊಡೆಂದು ಕಲ್ಲವ್ವನನ್ನು ಕೇಳಿದ. ಅವಳು ನನ್ನತ್ತ ಕೈ ತೋರಿಸಿದಳು. “ಇಷ್ಟ ದೊಡ್ಡದು ಇರಾಕ ಸಣ್ಣದು ಯಾಕ ಬೇಕೋ ತಮ್ಮಾ? ಇದನ್ನ ಎತ್ತಿ ನಿವಾಳಸಾಕ ಆಗೂದಿಲ್ಲ. ನೀನ ಇದರ ಸುತ್ತ ಗಾಡಿ ಹೊಡಿ.”

ಅವಳದು ಚೇಷ್ಟೆ, ಅವನು ನಿಜವೆಂದು ನಂಬಿ ಮೂರು ಸುತ್ತು ಹಾಕಿದ. ಅವನನ್ನು ನೋಡಿ ಇನ್ನೊಬ್ಬ, ಅವನನ್ನು ನೋಡಿ ಮತ್ತೊಬ್ಬ. ಸುತ್ತಿನ ಊರುಗಳಲ್ಲಿ ಯಾರು ಗಾಡಿ ಕೊಂಡರೂ ಮೊದಲು ನನ್ನನ್ನು ಸುತ್ತುವುದೇ ರೂಢಿಯಾಯಿತು. ನಿವಾಳಿಸಿದ ಮೆಣಸಿನಕಾಯಿಯನ್ನು ಒಲೆಗೆ ಹಾಕಬೇಕಲ್ಲ ಎಂದು ನಾನು ಅಂಜಿದ್ದೆ. ನನ್ನನ್ನು ಹಾಕುವಷ್ಟು ದೊಡ್ಡ ಒಲೆ ಯಾರ ಮನೆಯಲ್ಲೂ ಇರಲಿಲ್ಲ.

ಪರಪ್ಪ ತೀರಿಕೊಂಡ. ಆಮೇಲೆ ಆಚೆ ದಿಬ್ಬದ ಮೇಲೆ ಹೊಸ ಹೆದ್ದಾರಿ ಬಂತು, ಲಾರಿಗಳೆಲ್ಲ ಅತ್ತ ಹೋದವು. ಹೊಸ ಗಾಡಿಯವರು ಮಾತ್ರ ಬರುತ್ತಿದ್ದರು. ಒಮ್ಮೆ ಕ್ಯಾಮೆರಾ ಹಿಡಿದ ಹೆಣ್ಣುಮಗಳೊಬ್ಬಳು ಬಂದು, ಅಮೆರಿಕದ ಹಳೆಯ ಹೆದ್ದಾರಿಗಳ ಬದಿಯಲ್ಲೂ ಇಂಥವು ಉಂಟೆಂದು ಹೇಳಿದಳು: ಚಹಾದ ಕೆಟಲಿನಂಥ ಅಂಗಡಿ, ಬೂಟಿನಂಥ ಮನೆ. ರಸ್ತೆ ಸತ್ತರೂ ಜನ ಅವನ್ನು ಉಳಿಸಿಕೊಳ್ಳುತ್ತಾರಂತೆ. ಅಂದಿನಿಂದ ಮಧ್ಯಾಹ್ನದ ಮಂಪರಿನಲ್ಲಿ ಆ ಕೆಟಲು ನನ್ನ ಕನಸಿಗೆ ಬರತೊಡಗಿತು. “ನಿನ್ನ ಕಡೆ ಇನ್ನೂ ಗಾಡಿ ಬರುತ್ತವೇನೇ?” ಎಂದು ಕೇಳುತ್ತಿತ್ತು. ಅಪರೂಪಕ್ಕೆ ಅಕ್ಕಾ, ಎನ್ನುತ್ತಿದ್ದೆ.

ಕನಸು ಮುರಿದದ್ದು ಜೆಸಿಬಿಯ ಸದ್ದಿಗೆ. ಹೆದ್ದಾರಿಗೆ ಕೂಡುರಸ್ತೆ ಬೇಕು, ನಾನು ಅಡ್ಡ ಇದ್ದೇನೆ, ಕೆಡವಬೇಕು ಎಂದು ರಸ್ತೆ ಇಲಾಖೆಯವರು ಮೊದಲೇ ಹೇಳಿಹೋಗಿದ್ದರು. ಕಲ್ಲವ್ವನಿಗೆ ಬೇರೆ ಮನೆಯಿಲ್ಲ. ಅವಳು ಬಾಳಿದ್ದೆಲ್ಲ ನನ್ನ ಹೊಟ್ಟೆಯೊಳಗೆ. ಬಾಣಲೆ, ಹಾಸಿಗೆ ಹೊತ್ತು ರಸ್ತೆಯಾಚೆಯ ಹುಣಸೆಮರದ ಕೆಳಗೆ ಕುಳಿತಳು. ನನಗೆ ಅಳು ಬಂತು. ಸಿಮೆಂಟಿಗೆ ಕಣ್ಣೀರೆಲ್ಲಿ?

ಜೆಸಿಬಿ ಹೊಚ್ಚಹೊಸದು, ಹೂಮಾಲೆ ಇನ್ನೂ ಬಾಡಿರಲಿಲ್ಲ. ಅದರ ಚಾಲಕ ಫಕ್ಕೀರೇಶ ಇದೇ ಸೀಮೆಯವನು. ಬಂದವನೇ ಯೋಚನೆಯನ್ನೂ ಮಾಡದೆ ನನ್ನ ಸುತ್ತ ಮೂರು ಸುತ್ತು ಹೊಡೆದ. ಆಮೇಲೆ ಬಕೆಟ್ಟು ಎತ್ತಿದವನು ಹಾಗೇ ತಡೆದು ನಿಂತ.

“ಯಾಕೋ, ಕೆಡವು,” ಎಂದರು ಹಿಂದೆಯೇ ಕಾರಿನಲ್ಲಿ ಬಂದಿದ್ದ ಇಲಾಖೆಯ ಸಾಹೇಬರು.

“ರೂಢಿಯಾಗ ಸುತ್ತಿಬಿಟ್ಟೆನ್ರಿ ಸಾಹೇಬ್ರ. ಈಗ ನನ್ನ ಗಾಡಿ ದೃಷ್ಟಿನೂ ಇದರಾಗ ಹೋತು. ಇಷ್ಟ ವರ್ಷದ ಲಾರಿಗೋಳ ದೃಷ್ಟಿ ಎಲ್ಲಾ ಇದರ ಹೊಟ್ಟ್ಯಾಗ ಕುಂತೈತಿ. ಒಡದವನ ಮ್ಯಾಲ ಅದಷ್ಟೂ ಬೀಳೂದಿಲ್ಲೇನ್ರಿ?”

“ಹುಚ್ಚ ಅದಿ ಏನ?” ಎಂದು ಸಾಹೇಬರು ಗದರಿದರು. ಆದರೆ ಕಣ್ಣು ತಮ್ಮ ಹೊಸ ಕಾರಿನತ್ತ ಹೋಯಿತು. ಮೆಲ್ಲಗೆ ತಮ್ಮ ಚಾಲಕನನ್ನು ಕೇಳಿದರು: “ನಮ್ಮ ಕಾರಿಂದೂ ಐತೇನಪಾ ಇದರಾಗ?”

“ಐತ್ರಿ. ಮೇಡಮ್ಮಾರ ಹೇಳಿ ಸುತ್ತಸಿದ್ರು.”

ಸಾಹೇಬರು ಟೇಪು ತರಿಸಿ ಮತ್ತೆ ಅಳೆಸಿದರು. ಇಲ್ಲಿ ಮಣ್ಣು ಸಡಿಲವಿದೆ, ರಸ್ತೆ ನಿಲ್ಲದು ಎಂದರು. ರಸ್ತೆಯನ್ನು ನನ್ನ ಬಾಲದಾಚೆಗೆ ಬಳಸಿ ಒಯ್ಯುವುದೆಂದು ಠರಾಯಿಸಿ ಹೊರಟುಹೋದರು.

ಎಲ್ಲರೂ ಹೋದ ಮೇಲೂ ಕಲ್ಲವ್ವ ಮರದಡಿಯಿಂದ ಏಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಒಲೆಯ ಮುಂದೆ ಕುಳಿತವಳು, ಗಿರಾಕಿ ಕಾದಾರೆಂದು ರಸ್ತೆ ದಾಟಿ ನಿಂತು ನೋಡಿದವಳೇ ಅಲ್ಲ. ಇಡಿಯಾಗಿ ನಾನು ಅವಳ ಕಣ್ಣಿಗೆ ಬಿದ್ದದ್ದು ಅಂದೇ.

“ಎವ್ವಾ, ಎಷ್ಟ ಚೆಂದ ಅದಿಯಬೇ ನೀ!” ಎಂದಳು.

ಈಗ ನನ್ನ ಬಣ್ಣ ಉದುರಿದೆ, ಗಿರಾಕಿ ಕಡಿಮೆ. ಕಲ್ಲವ್ವ ದಿನಾ ಬಾಣಲೆಗೆ ಮಿರ್ಚಿ ಬಿಡುತ್ತಾಳೆ. ಹೊಗೆ ಸರಿಯಾಗಿ ಹೋಗುತ್ತದೋ ಇಲ್ಲವೋ ನೋಡಿ ಬರುತ್ತೇನೆಂದು ತನಗೆ ತಾನೇ ನೆಪ ಹೇಳಿಕೊಂಡು, ರಸ್ತೆ ದಾಟಿ ಹುಣಸೆಮರದ ಕೆಳಗೆ ನಿಲ್ಲುತ್ತಾಳೆ. ಬೇಗ ಬರುವುದಿಲ್ಲ. ಒಳಗೆ ಮಿರ್ಚಿ ಸೀಯುತ್ತದೆ. ಸೀಯಲಿ.